ಪ್ರತಿಕ್ರಿಯೆ: ಅಥೆನ್ಸ್‌ನಲ್ಲಿ ಅರ್ಧ ದಿನದ ಖಾಸಗಿ ಟೂರ್, ಮಂಡಿನೋವಿರುವ ಅಪ್ಪ-ಅಮ್ಮನ ಜೊತೆ

ಹಡಗು ಬೆಳಿಗ್ಗೆ 7ಕ್ಕೆ ಅಥೆನ್ಸ್‌ನ ಬಂದರು ಪಿರೇಯಸ್ ತಲುಪಿದರೆ ಐದು ಗಂಟೆಯ ಕಾರ್ ಟೂರ್ ಸಾಕಾ ಅಂತ ಕೇಳಿದ್ದೀರಿ. ಸಾಕು, ಆದರೆ ಅಕ್ರೊಪೊಲಿಸ್ (ಗುಡ್ಡದ ಮೇಲಿನ ಪ್ರಾಚೀನ ದೇವಾಲಯಗಳ ತಾಣ) ಮೊದಲು ಮುಗಿಸಿಬಿಡಿ. ಬಾಗಿಲು ತೆರೆಯುವುದು 8ಕ್ಕೆ. ಬಂದರಿನಿಂದ ಅರ್ಧ ಮುಕ್ಕಾಲು ಗಂಟೆ ದಾರಿ.

ಬುಕ್ ಮಾಡುವ ಮುಂಚೆ ಒಂದು ವಿಷಯ ಗಮನಿಸಿ. ಕಾರ್ ಡ್ರೈವರ್ ಎಷ್ಟೇ ಚೆನ್ನಾಗಿ ವಿವರಿಸಿದರೂ ಗೇಟಿನ ಒಳಗೆ ಗೈಡ್ ಆಗಿ ಬರುವಂತಿಲ್ಲ. ಅದಕ್ಕೆ ಲೈಸೆನ್ಸ್ ಇರುವ ಗೈಡ್ ಬೇಕು, ಅವರ ಶುಲ್ಕ ಬೇರೆ. ಟಿಕೆಟ್ಟೂ ಸಾಮಾನ್ಯವಾಗಿ ಟೂರ್ ದರದಲ್ಲಿ ಸೇರಿರುವುದಿಲ್ಲ. 2025ರ ಏಪ್ರಿಲ್‌ನಿಂದ ತಲೆಗೆ 30 ಯೂರೋ. ಟಿಕೆಟ್ ಮೇಲೆ ಸಮಯ ನಮೂದಾಗಿರುತ್ತದೆ, ಸರ್ಕಾರಿ ವೆಬ್‌ಸೈಟಿನಲ್ಲೇ ಮುಂಚಿತವಾಗಿ ತಗೊಳ್ಳಿ.

ಕಾರು ಗುಡ್ಡದ ಬುಡದವರೆಗೆ ಮಾತ್ರ. ಮೇಲಕ್ಕೆ ಏರು ಹಾದಿ, ಮೆಟ್ಟಿಲು. ಅಮೃತಶಿಲೆ ಸವೆದು ನುಣುಪಾಗಿದೆ, ಒಣಗಿದ್ದಾಗಲೂ ಜಾರುತ್ತದೆ. ರಬ್ಬರ್ ಅಟ್ಟೆಯ ಶೂ ಇರಲಿ, ಚಪ್ಪಲಿ ಬೇಡವೇ ಬೇಡ. ಲಿಫ್ಟ್ ಇದೆ, ಆದರೆ ಎಲ್ಲರಿಗೂ ಅಲ್ಲ, ನಡೆದಾಡಲು ಆಗದವರಿಗೆ. ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯಲ್ಲಿ ಬಿಸಿಗಾಳಿ ಎದ್ದರೆ ಮಧ್ಯಾಹ್ನ ಮುಚ್ಚಿಬಿಡುವುದೂ ಉಂಟು.

ಹತ್ತಲು ಆಗದಿದ್ದರೆ ಬೇಸರ ಬೇಡ, ಬುಡದಲ್ಲಿರುವ ಅಕ್ರೊಪೊಲಿಸ್ ಮ್ಯೂಸಿಯಂ ನೋಡಿ. ಮೇಲಿರುವ ಕನ್ಯಾಸ್ತಂಭಗಳು (ಹೆಣ್ಣಿನ ಆಕಾರದಲ್ಲಿ ಕೆತ್ತಿದ ಕಂಬಗಳು) ಪ್ರತಿಕೃತಿಗಳು. ಮೂಲದ ಆರರಲ್ಲಿ ಐದು ಇಲ್ಲಿವೆ, ಒಂದು ಲಂಡನ್ನಿನಲ್ಲಿ.

1896ರ ಒಲಿಂಪಿಕ್ಸ್ ನಡೆದ ಸ್ಟೇಡಿಯಂ ರಸ್ತೆಯಿಂದಲೇ ಕಾಣುತ್ತದೆ, ಒಳಗೆ ಹೋಗಬೇಕಿಲ್ಲ. ಗ್ರೀಕರ ದೇವರಾಜ ಜ್ಯೂಸ್‌ನ (Zeus) ದೇವಾಲಯವೂ ಅಷ್ಟೇ, ನಿಂತಿರುವ 15 ಕಂಬ ಬೇಲಿಯಾಚೆಯಿಂದಲೇ ಕಾಣುತ್ತವೆ. ಸಂಸತ್ತಿನ ಎದುರಿನ ಸಿಂಟಾಗ್ಮಾ ಚೌಕದಲ್ಲಿ ಕಾವಲುಗಾರರ ಬದಲಾವಣೆ ಪ್ರತಿ ಗಂಟೆಗೆ. ಐದು ನಿಮಿಷ ಮುಂಚೆ ಇಳಿಸಲು ಡ್ರೈವರ್‌ಗೆ ಹೇಳಿಡಿ.