‘ಮ್ಯಾಗ್ನಿಫಿಸೆಂಟ್ ಸೆಂಚುರಿ’: ಹುರ್ರೆಮ್ ಬದಲಾದ ಮೇಲೆ ನಾಲ್ಕನೇ ಸೀಸನ್ ನೋಡಬೇಕಾ?

ನೋಡಲೇಬೇಕು. ನೀವು ಈಗ ನಿಂತಿರುವ ಕಡೆಯೇ ನಾನೂ ನಿಲ್ಲಿಸಿದ್ದೆ. ಅದರಿಂದ ಕಳೆದುಕೊಂಡದ್ದು ಮತ್ತೆ ಸಿಗಲಿಲ್ಲ.

ಒಟ್ಟೊಮನ್ ಸುಲ್ತಾನ ಸುಲೇಮಾನನ ಕಥೆ ಹೇಳುವ ಈ ಟರ್ಕಿಷ್ ಧಾರಾವಾಹಿಯ ಮೂರು ಸೀಸನ್ ಮುಗಿಸಿದ್ದೀರಿ. ಅವನ ಮನಗೆದ್ದ ದಾಸಿ ಹುರ್ರೆಮ್ ಆಗಿದ್ದ ಮೆರ್ಯೆಮ್ ಉಜೆರ್ಲಿ ಹೋಗಿ ವಹೀದೆ ಪೆರ್ಚಿನ್ ಬಂದಿದ್ದಾರೆ. ನೋಡಿದವರು "ಇಲ್ಲಿಗೆ ಬಿಟ್ಟುಬಿಡಿ" ಅನ್ನುತ್ತಿದ್ದಾರೆ. ಸುಲ್ತಾನನ ಹಿರಿಮಗ ಮುಸ್ತಫಾನ ಕೊನೆ ಹೇಗೂ ಚರಿತ್ರೆಯಲ್ಲಿ ಓದಿ ಗೊತ್ತಿದೆ, ನೇರವಾಗಿ ಇದರ ಮುಂದಿನ ಧಾರಾವಾಹಿ ‘ಕೊಸೆಮ್’ ಶುರು ಮಾಡಲಾ ಅಂತ ಕೇಳಿದ್ದೀರಿ. (ಮುಸ್ತಫಾನ ಕೊನೆ ಗೊತ್ತಿಲ್ಲದವರು ದಯವಿಟ್ಟು ಇಲ್ಲಿಂದ ಮುಂದೆ ಓದಬೇಡಿ.)

ನಾನು ಈ ಧಾರಾವಾಹಿ ನೋಡಿದ್ದು ವಿಜಯಪುರದ ಮನೆಯಲ್ಲಿ, ಅವ್ವನ ಜೊತೆ. ಮಾತು ಟರ್ಕಿಷ್, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಅವ್ವನಿಗೆ ಎರಡೂ ಬರುವುದಿಲ್ಲ. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಮೊದಮೊದಲು ಪ್ರತಿ ಸಾಲನ್ನೂ ಹೇಳಬೇಕಿತ್ತು. ಬರಬರುತ್ತಾ ಅವ್ವನೇ "ನೀ ಸುಮ್ಕಿರು, ನನಗ ತಿಳೀತದ" ಅನ್ನತೊಡಗಿದಳು. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರಿಗೆ ಹೊಟ್ಟೆಯಲ್ಲಿ ಬೇರೆ ಇದೆ ಅನ್ನುವುದನ್ನು ಮುಖ ನೋಡಿಯೇ ಹೇಳುತ್ತಿದ್ದಳು. ಬಹಳ ಸಲ ಸರಿ ಇರುತ್ತಿತ್ತು.

ನಾನು ಹುರ್ರೆಮ್ ಪಕ್ಷ. ಈಗಿನ ಉಕ್ರೇನ್ ಕಡೆಯಿಂದ ಹಿಡಿದು ತಂದು ಮಾರಿದ ಹುಡುಗಿ. ಒಬ್ಬ ದಾಸಿಗೆ ಒಬ್ಬನೇ ಮಗ ಅನ್ನುವುದು ಆ ಅರಮನೆಯ ಪದ್ಧತಿ. ಅದನ್ನು ಮುರಿದು ಸುಲ್ತಾನನಿಗೆ ಒಬ್ಬರ ಮೇಲೊಬ್ಬರು ಗಂಡುಮಕ್ಕಳನ್ನು ಹೆತ್ತಳು. ಶಾಸ್ತ್ರೋಕ್ತವಾಗಿ ಅವನ ಹೆಂಡತಿಯೂ ಆದಳು. ಇದು ಕಥೆಗಾರರು ಕಟ್ಟಿದ್ದಲ್ಲ, ನಿಜವಾಗಿ ನಡೆದದ್ದು. ಉಜೆರ್ಲಿ ಆ ಪಾತ್ರವನ್ನು ಎಷ್ಟು ಜೀವಂತವಾಗಿ ಮಾಡಿದರು! ಅವರು ಹುಟ್ಟಿ ಬೆಳೆದದ್ದು ಜರ್ಮನಿಯಲ್ಲಿ. ಅವರ ಟರ್ಕಿಷ್‌ನಲ್ಲಿ ಹೊರಗಿನವರ ಛಾಯೆ ಇದೆ. ಪರದೇಶದಿಂದ ಬಂದ ದಾಸಿಯ ಬಾಯಲ್ಲಿ ಅದು ಸಹಜವಾಗಿ ಕೂತುಬಿಟ್ಟಿತು.

ಅವ್ವ ಮಾತ್ರ ಮೊದಲಿಂದಲೂ ಮುಸ್ತಫಾನ ತಾಯಿ ಮಾಹಿದೆವ್ರಾನ್ ಪಕ್ಷ. "ಆಕಿ ಏನ್ ತಪ್ಪ ಮಾಡ್ಯಾಳ? ಹಿರೇ ಮಗನ್ನ ಹೆತ್ತಾಳ, ಅಷ್ಟ" ಅನ್ನುತ್ತಿದ್ದಳು. ಮುಸ್ತಫಾ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಅವಳಿಗೆ ಒಂದು ಚಿಂತೆ ಹತ್ತಿತು. "ಆ ಹುಡುಗಗ ಏನೂ ಆಗಂಗಿಲ್ಲಲ್ಲ?" ಅಂತ ಆಗಾಗ ಕೇಳುತ್ತಿದ್ದಳು. ನನಗೂ ಆಗ ಗೊತ್ತಿರಲಿಲ್ಲ. ಮುಂದೆ ನೋಡೋಣ ಅನ್ನುತ್ತಿದ್ದೆ.

ಹೀಗೆ ಮೂರನೇ ಸೀಸನ್ ಮುಗಿಯಿತು. ನಾಲ್ಕನೆಯದರ ಮೊದಲ ಎಪಿಸೋಡ್‌ನಲ್ಲಿ ಬೇರೆ ಮುಖ. ಅರ್ಧ ಗಂಟೆಯೂ ಕೂರಲಿಲ್ಲ. ನೀವು ಮಾಡಿದ್ದನ್ನೇ ಮಾಡಿದೆ, ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದೆ. "ಉಜೆರ್ಲಿ ಇಲ್ಲದ ಮೇಲೆ ಏನಿದೆ", "ಜೀವವೇ ಹೋಯಿತು", "ನನ್ನ ಪಾಲಿಗೆ ಮೂರಕ್ಕೇ ಮುಗಿಯಿತು". ಇಂಥವೇ ಸಾಲುಸಾಲು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವರೆಲ್ಲ ಹೇಳುತ್ತಿದ್ದರು, ಹಾಗಾಗಿ ನಂಬಿದೆ. ನಿಲ್ಲಿಸಿದೆ.

ಅವ್ವ ಬಿಡಬೇಕಲ್ಲ. "ಆ ಹುಡುಗಂದು ಏನಾತು?" ಅಂತ ಕೇಳಿದಳು. ನಾನು ಫೋನ್ ತೆಗೆದು ಹುಡುಕಿ, ಓದಿ ಹೇಳಿಬಿಟ್ಟೆ. 1553ರಲ್ಲಿ ಸುಲೇಮಾನ್ ಪರ್ಷಿಯಾ ಮೇಲೆ ದಂಡೆತ್ತಿ ಹೊರಟಿದ್ದ. ಕೊನ್ಯಾ ಹತ್ತಿರ ಎರೆಗ್ಲಿಯಲ್ಲಿ ಬೀಡು ಬಿಟ್ಟಿದ್ದಾಗ ಮಗನನ್ನು ಕರೆಸಿಕೊಂಡ. ಮಗ ಅಪ್ಪನ ಡೇರೆಗೆ ಹೋದ. ಒಳಗೆ ಅವನ ಕುತ್ತಿಗೆ ಬಿಗಿದು ಕೊಂದರು. ಅಷ್ಟು ಹೇಳಿದ್ದಲ್ಲದೆ, ಆ ದೃಶ್ಯದ ತುಣುಕು ಸಿಕ್ಕಿತು ಅಂತ ಫೋನಿನಲ್ಲೇ ತೋರಿಸಿದೆ. ಕೆಲವೇ ನಿಮಿಷದ್ದು. ಅವ್ವ ಪೂರ್ತಿ ನೋಡಿದಳು, ಏನೂ ಹೇಳಲಿಲ್ಲ. ನನಗೂ ಅಂಥದ್ದೇನೂ ಅನ್ನಿಸಲಿಲ್ಲ. ಒಂದು ಸಾವು, ಚೆನ್ನಾಗಿ ತೆಗೆದಿದ್ದಾರೆ ಅನ್ನಿಸಿತು.

ತಪ್ಪಾದದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಹಾದಿಯಲ್ಲಿದ್ದೀರಿ.

ನಾನು ಓದಿದ ಅಭಿಪ್ರಾಯಗಳು ಯಾರವು ಅಂತ ಯೋಚಿಸಿರಲಿಲ್ಲ. ಧಾರಾವಾಹಿ ಶುರುವಾದದ್ದು 2011ರ ಜನವರಿಯಲ್ಲಿ. ಉಜೆರ್ಲಿ 2013ರಲ್ಲಿ ವಿಪರೀತ ಬಳಲಿದ್ದೇನೆ ಅಂತ ಹೇಳಿ ಜರ್ಮನಿಗೆ ಹೋದರು. ಅಲ್ಲಿಯವರೆಗೆ ಟರ್ಕಿಯ ಜನ ವಾರಕ್ಕೊಮ್ಮೆ ಕಾದು ಕೂತು ಅವರನ್ನು ನೋಡಿದ್ದರು. ಎರಡು ವರ್ಷಕ್ಕೂ ಜಾಸ್ತಿ ಮನೆಯವಳಂತೆ ಇದ್ದವಳು ಹೇಳದೆ ಕೇಳದೆ ಹೋದಳು ಅನ್ನುವ ನೋವು ಅದು. ನಮ್ಮಲ್ಲೂ ಧಾರಾವಾಹಿಯ ನಾಯಕಿ ಬದಲಾದರೆ ತಿಂಗಳುಗಟ್ಟಲೆ ಅದೇ ಮಾತು ಅಲ್ವಾ? ಆ ನೋವು ನಿಜ. ಆದರೆ ಅದು ಒಬ್ಬ ನಟಿ ಹೋದದ್ದರ ಬಗ್ಗೆ ಹೇಳಿದ ಮಾತು, ನಾಲ್ಕನೇ ಸೀಸನ್ ಹೇಗಿದೆ ಅನ್ನುವುದರ ಬಗ್ಗೆ ಅಲ್ಲ. ಅವರಲ್ಲಿ ಬಹಳ ಜನ ಮುಂದೆ ನೋಡಿಯೇ ಇರಲಿಲ್ಲ.

ಇನ್ನೊಂದು, ಇದು ಹುರ್ರೆಮ್ ಕಥೆ ಅಂತ ನಾನು ಅಂದುಕೊಂಡಿದ್ದೆ. ಮೂರು ಸೀಸನ್ ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಆದರೆ ಇದು ಅಪ್ಪ ಮಕ್ಕಳ ಕಥೆ. ಆ ಮನೆತನದಲ್ಲಿ ಸಿಂಹಾಸನ ಒಬ್ಬನಿಗೆ ಮಾತ್ರ. ಉಳಿದ ಗಂಡುಮಕ್ಕಳು ಬದುಕಿರುವುದು ಅವನಿಗೆ ಅಪಾಯ. ಹುರ್ರೆಮ್ ಹೆತ್ತ ಒಂದೊಂದು ಮಗುವಿನ ಸಂಭ್ರಮವನ್ನು ನಾವು ಮೊದಲ ಸೀಸನ್‌ಗಳಲ್ಲಿ ನೋಡಿದೆವು. ಆ ಸಂಭ್ರಮದ ಲೆಕ್ಕ ತೀರುವುದು ನಾಲ್ಕರಲ್ಲಿ. ನಾನು ಲೆಕ್ಕ ತೀರುವ ಮುಂಚೆಯೇ ಎದ್ದುಬಿಟ್ಟಿದ್ದೆ.

ನನ್ನ ಮೂರನೇ ತಪ್ಪೇ ಎಲ್ಲಕ್ಕಿಂತ ದೊಡ್ಡದು. ಏನಾಯಿತು ಅಂತ ತಿಳಿದರೆ ನೋಡಿದಷ್ಟೇ ಆಯಿತು ಅಂದುಕೊಂಡೆ. ನಿಮ್ಮ ಪ್ರಶ್ನೆಯಲ್ಲೂ ಇದೇ ಇದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮುಸ್ತಫಾ ಸಾಯುತ್ತಾನೆ ಅನ್ನುವುದು ಟರ್ಕಿಯಲ್ಲಿ ಶಾಲೆಗೆ ಹೋದವರಿಗೆಲ್ಲ ಗೊತ್ತಿರುವ ಸಂಗತಿ. ಆದರೂ 2014ರ ಫೆಬ್ರವರಿಯಲ್ಲಿ ಆ ಎಪಿಸೋಡ್ ಬಂದ ಮೇಲೆ ಜನ ಬುರ್ಸಾ ನಗರದ ಮುರಾದಿಯೆಯಲ್ಲಿರುವ ಅವನ ಗೋರಿಗೆ ಗುಂಪುಗುಂಪಾಗಿ ಹೋದರು. ಸತ್ತು ನಾನ್ನೂರ ಅರವತ್ತು ವರ್ಷ ಆಗಿದ್ದವನಿಗಾಗಿ ಅತ್ತರು. ಚರಿತ್ರೆ ಗೊತ್ತಿಲ್ಲದೆ ಅತ್ತವರಲ್ಲ ಅವರು.

ಆಮೇಲೆ ಬಹಳ ತಡವಾಗಿ ನಾನು ನಾಲ್ಕನೇ ಸೀಸನ್ ನೋಡಿದೆ. ಆಗ ಅರ್ಥವಾಯಿತು. ಮುಸ್ತಫಾ ಆಗಿ ಮೆಹ್ಮೆತ್ ಗುನ್ಸುರ್ ಇದ್ದಾರಲ್ಲ, ಆ ಮುಖದಲ್ಲಿ ಅಪ್ಪನ ಮೇಲಿನ ನಂಬಿಕೆ ಎಪಿಸೋಡಿನಿಂದ ಎಪಿಸೋಡಿಗೆ ಸವೆಯುವುದಿಲ್ಲ. ಅದೇ ನಮ್ಮನ್ನು ಹಿಂಡುವುದು. ಸುತ್ತಲಿನವರೆಲ್ಲ ಹೋಗಬೇಡ ಅನ್ನುತ್ತಾರೆ. ಸೈನ್ಯ ಅವನ ಕಡೆ ಇದೆ, ತಿರುಗಿ ಬೀಳಬಹುದು. ಬೀಳುವುದಿಲ್ಲ. ಇತ್ತ ಸುಲೇಮಾನನ ಅಳಿಯ ರುಸ್ತೆಮ್, ಮಗಳು ಮಿಹ್ರಿಮಾ, ಹುರ್ರೆಮ್ ಮೂವರೂ ಸೇರಿ ಹೆಣೆಯುತ್ತಿರುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಇಷ್ಟನ್ನೂ ಹೊತ್ತುಕೊಂಡು ಆ ಡೇರೆಯ ಮುಂದೆ ನಿಲ್ಲಬೇಕು. ಫೋನಿನ ತುಣುಕಿನಲ್ಲಿ ಇದ್ಯಾವುದೂ ಇರಲಿಲ್ಲ.

ಸುಲೇಮಾನ್ ಆಗಿರುವ ಹಾಲಿತ್ ಎರ್ಗೆಂಚ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲ ಸೀಸನ್‌ನ ಸುಲೇಮಾನ್ ಪ್ರೇಮಿ. ಪದ್ಯ ಬರೆಯುತ್ತಾನೆ, ಒಡವೆ ಮಾಡುತ್ತಾನೆ. ನಿಜದ ಸುಲೇಮಾನನೂ ಮುಹಿಬ್ಬಿ ಅನ್ನುವ ಹೆಸರಿನಲ್ಲಿ ಪದ್ಯ ಬರೆದವನೇ, ಅಕ್ಕಸಾಲಿ ಕೆಲಸ ಕಲಿತವನೇ. ನಾಲ್ಕರಲ್ಲಿ ಅದೇ ಮನುಷ್ಯ ಮಾತು ಕಡಿಮೆ ಮಾಡಿ, ಎಲ್ಲರನ್ನೂ ಅನುಮಾನದಿಂದ ನೋಡುವ ಮುದುಕನಾಗುತ್ತಾನೆ. ಪಾತ್ರ ಬದಲಾಯಿತು ಅಂತ ಜನ ಹುರ್ರೆಮ್ ಒಬ್ಬಳನ್ನೇ ಹಿಡಿದುಕೊಂಡರು. ಅಸಲಿಗೆ ಬದಲಾದವನು ಸುಲೇಮಾನ್.

ವಹೀದೆ ಪೆರ್ಚಿನ್ ಉಜೆರ್ಲಿಯಂತೆ ನಗುವುದಿಲ್ಲ, ಕೂಗುವುದಿಲ್ಲ. ನಿಧಾನ ನಡೆ, ತಗ್ಗಿದ ದನಿ. ನಾಲ್ಕನೇ ಸೀಸನ್‌ನಲ್ಲಿ ಕಥೆ ವರ್ಷಗಟ್ಟಲೆ ಮುಂದೆ ಹಾರಿದೆ. ಇವಳು ಬೆಳೆದ ಮಕ್ಕಳ ತಾಯಿ. ಮುಸ್ತಫಾ ಉಳಿದರೆ ತನ್ನ ಮಕ್ಕಳು ಉಳಿಯುವುದಿಲ್ಲ ಅಂತ ಗೊತ್ತಿರುವ ತಾಯಿ. ಅಂಥವಳು ಇನ್ನೂ ಉಜೆರ್ಲಿಯ ನಗು ನಗುತ್ತಾ ಓಡಾಡಿದ್ದರೆ ನನಗೆ ನಂಬಿಕೆ ಬರುತ್ತಿರಲಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ, ಇದಕ್ಕೆ ಬೈಸಿಕೊಂಡಿದ್ದೇನೆ ಕೂಡ.

ಅವ್ವ ನನ್ನ ಜೊತೆ ಕೂತಳು, ಆದರೆ ಮುಸ್ತಫಾ ತಾನು ಆಳುತ್ತಿದ್ದ ಅಮಾಸ್ಯಾದಿಂದ ಅಪ್ಪನ ಬಳಿಗೆ ಹೊರಡುವವರೆಗೆ ಮಾತ್ರ. "ಗೊತ್ತದಲ್ಲ, ನಾ ಒಲ್ಲೆ, ನೀನ ನೋಡು" ಅಂದು ಎದ್ದು ಹೋದಳು. ಅಷ್ಟು ವರ್ಷ ಅವನಿಗಾಗಿ ಹೆದರಿಕೊಂಡೇ ನೋಡಿದವಳಿಗೆ ಆ ಎಪಿಸೋಡ್ ಸಿಗಲೇ ಇಲ್ಲ. ನಾನು ಮೊದಲೇ ಫೋನಿನಲ್ಲಿ ಕೊಟ್ಟು ಮುಗಿಸಿಬಿಟ್ಟಿದ್ದೆ. ಜೊತೆಯಲ್ಲಿ ಕೂತು ನೋಡಿದ್ದರೆ ಅವಳು ಏನೆನ್ನುತ್ತಿದ್ದಳೋ! ಮಾಹಿದೆವ್ರಾನ್ ಮಗನ ಸುದ್ದಿ ಕೇಳುವಾಗ ಅವ್ವನ ಮಾತು ನನಗೆ ಬೇಕಿತ್ತು. ನನಗಾದ ನಷ್ಟ ಅದು.

ಚರಿತ್ರೆ ಕೆಡಿಸಿದ್ದಾರೆ ಅನ್ನುವ ದೂರನ್ನೂ ಕೇಳಿರುತ್ತೀರಿ. ಶುರುವಾದ ಹೊಸತರಲ್ಲೇ ಅಲ್ಲಿನ ಪ್ರಸಾರ ಮಂಡಳಿಗೆ 70 ಸಾವಿರಕ್ಕೂ ಹೆಚ್ಚು ದೂರು ಹೋದವು. 2012ರಲ್ಲಿ ಆಗಿನ ಪ್ರಧಾನಿ ಎರ್ದೊಗಾನ್ ಸಹ, ಸುಲೇಮಾನ್ 30 ವರ್ಷ ಕುದುರೆಯ ಮೇಲೆ ಕಳೆದವನು, ಅರಮನೆಯಲ್ಲಿ ಕೂತವನಲ್ಲ ಅಂತ ಬಹಿರಂಗವಾಗಿ ಬೈದರು. ದೂರಿನಲ್ಲಿ ಸತ್ಯ ಇಲ್ಲವೆಂದಲ್ಲ. ಹೆಂಗಸರ ಕತ್ತು ತೆರೆದ ಉಡುಪು ಆ ಅರಮನೆಯದ್ದಲ್ಲ, ಯುರೋಪಿನ ರಾಣಿಯರದ್ದು. ಸುಲೇಮಾನನ ಕಾಲದಲ್ಲಿ ಅಂತಃಪುರದ ಹೆಂಗಸರು ಹೆಚ್ಚಾಗಿ ಇದ್ದದ್ದು ಹಳೇ ಅರಮನೆಯಲ್ಲಿ. ಇವರು ಮೊದಲಿಂದಲೇ ಎಲ್ಲರನ್ನೂ ಸುಲ್ತಾನನಿದ್ದ ತೋಪ್‌ಕಾಪಿ ಅರಮನೆಯಲ್ಲಿ ಕೂರಿಸಿದ್ದಾರೆ. ಹುರ್ರೆಮ್ ಇಸ್ತಾಂಬುಲ್‌ನಲ್ಲಿ ಆಸ್ಪತ್ರೆ ಕಟ್ಟಿಸಿದಳು, ಜೆರುಸಲೇಮ್‌ನಲ್ಲಿ ಬಡವರಿಗೆ ಊಟ ಹಾಕುವ ಛತ್ರ ಕಟ್ಟಿಸಿದಳು. ಅದಕ್ಕೆ ಸಿಕ್ಕ ಜಾಗ ಅವಳ ಒಳಸಂಚಿಗೆ ಸಿಕ್ಕ ಜಾಗಕ್ಕಿಂತ ತೀರಾ ಕಡಿಮೆ. ನನಗೆ ಇದೇ ಹೆಚ್ಚು ಬೇಸರ. ಆದರೆ ಬರೀ ಅಂತಃಪುರದ ಜಗಳ ಅನ್ನುವ ಟೀಕೆ ನಾಲ್ಕನೇ ಸೀಸನ್‌ಗೆ ತಾಗುವುದಿಲ್ಲ. ಅಲ್ಲಿ ನಡೆಯುವುದು ರಾಜ್ಯ ಯಾರಿಗೆ ಅನ್ನುವ ಪ್ರಶ್ನೆ. ಮುಸ್ತಫಾ ಸತ್ತ ಮೇಲೆ ಸೈನಿಕರ ಸಿಟ್ಟಿಗೆ ಹೆದರಿ ರುಸ್ತೆಮ್‌ನನ್ನು ಪ್ರಧಾನ ವಜೀರನ ಹುದ್ದೆಯಿಂದ ಇಳಿಸಿದ್ದು, ತಾಷ್ಲಿಜಾಲಿ ಯಾಹ್ಯಾ ಅನ್ನುವ ಕವಿ ಧೈರ್ಯವಾಗಿ ಶೋಕಗೀತೆ ಬರೆದದ್ದು, ಎಲ್ಲಾ ನಡೆದದ್ದೇ.

ಪಟ್ಟಕ್ಕಾಗಿ ಸ್ವಂತದವರೇ ಕೊಲ್ಲುತ್ತಾರೆ ಅನ್ನುವ ಈ ಭಯ ನಮ್ಮೂರಿನವರಿಗೆ ಹೊಸದೂ ಅಲ್ಲ. ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾ ಒಟ್ಟೊಮನ್ ಸುಲ್ತಾನ ಎರಡನೇ ಮುರಾದನ ಮಗ, ಅಣ್ಣ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲುತ್ತಾರೆಂದು ತಾಯಿ ಗುಟ್ಟಾಗಿ ಪರ್ಷಿಯಾಕ್ಕೆ ಕಳಿಸಿದಳು ಅಂತ ಹಳೆಯ ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ಇತಿಹಾಸಕಾರರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಆ ಕಥೆ ನಾಲ್ಕು ಶತಮಾನದಿಂದ ವಿಜಯಪುರದಲ್ಲಿದೆ. ಅವ್ವನಿಗೂ ಗೊತ್ತಿತ್ತು. "ಆ ತಾಯಿ ಶ್ಯಾಣ್ಯಾಕಿ, ಮಗನ್ನ ಮೊದಲ ದಾಟಿಸಿದ್ಲು" ಅನ್ನುತ್ತಿದ್ದಳು. ಮಾಹಿದೆವ್ರಾನ್‌ಗೂ ಹಾಗೆ ಮಾಡಲು ಆಗುತ್ತಿತ್ತಾ ಅಂತ ನಾವು ಬಹಳ ಹೊತ್ತು ಮಾತಾಡಿದ್ದಿದೆ.

ಈಗ ನಿಮಗೆ ಹೇಳುವುದು. ಟರ್ಕಿಯವರಿಗೆ ಮೂರು ಮತ್ತು ನಾಲ್ಕನೇ ಸೀಸನ್ ನಡುವೆ ಒಂದು ಬೇಸಿಗೆ ಸಿಕ್ಕಿತ್ತು. ನಮಗೆ ಮರುದಿನವೇ ಹೊಸ ಮುಖ. ಹಾಗಾಗಿ ಒಂದೆರಡು ವಾರ ಬಿಡುವು ಕೊಡಿ. ಆಮೇಲೆ ಕೂತರೆ ಒಂದೇ ಎಪಿಸೋಡಿಗೆ ತೀರ್ಪು ಕೊಡಬೇಡಿ. ಡಬ್ ಆದದ್ದು ಬೇಡ, ಮೂಲ ದನಿಯಲ್ಲೇ ನೋಡಿ. ಎರ್ಗೆಂಚ್ ದನಿ ಹೋದರೆ ಅರ್ಧ ಸುಲೇಮಾನ್ ಹೋದ ಹಾಗೆ. ಹುರ್ರೆಮ್ ಮಕ್ಕಳಾದ ಸೆಲಿಮ್ ಮತ್ತು ಬಾಯೆಜಿದ್ ಬಗ್ಗೆ ಏನನ್ನೂ ಹುಡುಕಬೇಡಿ. ಮುಸ್ತಫಾನ ಕಥೆ ನಿಮಗೆ ಗೊತ್ತಿದೆ ಸರಿ, ಅವರದ್ದಾದರೂ ಗೊತ್ತಿಲ್ಲದೆ ನೋಡಿ. ಬಾಯೆಜಿದ್ ಆಗಿ ಅರಾಸ್ ಬುಲುತ್ ಇನೆಮ್ಲಿ ಮಾಡಿರುವುದನ್ನು ನೋಡಿದ ಮೇಲೆ ನನಗೆ ಮತ್ತೆ ಬರೆಯಿರಿ. ಮನೆಯಲ್ಲಿ ಯಾರಾದರೂ ನಿಮ್ಮ ಜೊತೆ ನೋಡುತ್ತಿದ್ದರೆ ಅವರಿಗೆ ಕಥೆ ಹೇಳಬೇಡಿ, ಎಷ್ಟು ಕೇಳಿದರೂ ಹೇಳಬೇಡಿ.

‘ಕೊಸೆಮ್’ ಕೆಟ್ಟದ್ದಲ್ಲ. ಆದರೆ ಅದು ಶುರುವಾಗುವುದು 1603ರಲ್ಲಿ, ಹದಿಮೂರು ವರ್ಷದ ಅಹ್ಮದ್ ಪಟ್ಟಕ್ಕೆ ಬರುವಲ್ಲಿಂದ. ಅವನ ಅಪ್ಪ ಪಟ್ಟಕ್ಕೆ ಬಂದ ಕೂಡಲೇ 19 ತಮ್ಮಂದಿರನ್ನು ಕೊಲ್ಲಿಸಿದ್ದ. ಈ ಹುಡುಗ ತನ್ನ ತಮ್ಮನನ್ನು ಕೊಲ್ಲುವುದಿಲ್ಲ. ಮುಂದಿನ ಇಡೀ ಕಥೆ ನಿಂತಿರುವುದು ಆ ಒಂದು ನಿರ್ಧಾರದ ಮೇಲೆ. ಆ ತಮ್ಮನ ಹೆಸರೂ ಮುಸ್ತಫಾ. ಎರೆಗ್ಲಿಯ ಡೇರೆಯನ್ನು ನೋಡದೆ ಅಲ್ಲಿಗೆ ಹೋದರೆ, ಅಹ್ಮದ್ ಏನು ಮಾಡಿದ ಅನ್ನುವುದೇ ನಿಮಗೆ ತಟ್ಟುವುದಿಲ್ಲ. ಮೊದಲು ಇದನ್ನು ಮುಗಿಸಿ, ಆಮೇಲೆ ಅದು.