ಸೌದೆಮನೆಯ ಚಿಲಕ

ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಊರಿನ ಗುರುತು ಬದಲಿಸಿದ್ದೇನೆ. ನಾಯಿಗಳ ಹೆಸರನ್ನೂ ಬದಲಿಸಿದ್ದೇನೆ. ನಮ್ಮ ಕಡೆ ಹಳ್ಳಿಯಲ್ಲಿ ನಾಯಿಯ ಹೆಸರು ಹೇಳಿದರೆ ಸಾಕು, ಮನೆ ಯಾವುದೆಂದು ಗೊತ್ತಾಗಿಬಿಡುತ್ತದೆ.

ಅವರನ್ನು ಸುಮಾ ಎನ್ನೋಣ. ವಯಸ್ಸು 34. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ತೋಟದ ಮನೆ. ಅತ್ತೆ, ಮಾವ, ಗಂಡ, 7 ವರ್ಷದ ಮಗ. ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳಲ್ಲಿ ಒಂದು ಶನಿವಾರ ಒಬ್ಬರೇ ಬಸ್ಸು ಹತ್ತಿ ಶಿರಸಿಗೆ, ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು.

"ಮೇಡಂ, ನಂಗೆ ನಾಯಿ ಕಂಡರೆ ಆಗ್ತಿಲ್ಲ. ಮೊನ್ನೆ ಸಟ್ಟುಗ ಎಸೆದುಬಿಟ್ಟೆ. ಮಗ ನೋಡ್ತಾ ನಿಂತಿದ್ದ."

ಮನೆಯಲ್ಲಿ ಎಷ್ಟು ನಾಯಿ ಎಂದು ಕೇಳಿದೆ. "ಐದು" ಎಂದವರು ಸ್ವಲ್ಪ ತಡೆದು, "ಅಲ್ಲ, ನಾಲ್ಕು" ಎಂದರು. ಆ ತಡೆದ ಕ್ಷಣವನ್ನು ನಾನು ಆಗಲೇ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ. ಕೆಲಸದ ಹೊರೆ ಹೆಚ್ಚಾಗಿದೆ ಎಂದುಕೊಂಡು ಅದರ ಹಿಂದೆ ಹೋದೆ.

ಹೊರೆ ಸುಳ್ಳೇನೂ ಆಗಿರಲಿಲ್ಲ. ತೋಟಕ್ಕೆ ಮಂಗ ಬರುತ್ತದೆ, ರಾತ್ರಿ ಹಂದಿ ಬರುತ್ತದೆ, ಹಾಗಾಗಿ ನಾಯಿ ಬೇಕು ಎಂದು ಮಾವ ಸಾಕಿದ್ದು. ಬೆಳಿಗ್ಗೆ ದೋಸೆ ಎರೆಯುವಾಗ ಅವುಗಳ ಪಾಲನ್ನೂ ಎರೆಯಬೇಕು. ಮಧ್ಯಾಹ್ನ, ರಾತ್ರಿ ಅನ್ನ ಮಜ್ಜಿಗೆ ಕಲಸಿ ತಟ್ಟೆ ತಟ್ಟೆಗೆ ಹಾಕಬೇಕು. ಒಂದೇ ಕಡೆ ಇಟ್ಟರೆ ಜಗಳ, ಅದಕ್ಕೇ ಅಂಗಳದ ನಾಲ್ಕು ಮೂಲೆಗೆ ಓಡಬೇಕು. ಮಳೆಗಾಲದಲ್ಲಿ ಒದ್ದೆ ಗೋಣಿ ಬದಲಿಸುವುದು, ಜಗಲಿಯ ಕೆಸರು ಒರೆಸುವುದು, ಸಂಜೆ ಕಿವಿ ಮಗುಚಿ ಉಣುಗು (ಉಣ್ಣೆ ಹುಳ) ಹೆಕ್ಕುವುದು. ಗಂಡನಿಗೂ ಮಾವನಿಗೂ ನಾಯಿ ಎಂದರೆ ಜೀವ. ಆದರೆ ತಟ್ಟೆ ತೊಳೆದವರು ಅವರಲ್ಲ.

ಹಾಗಾದರೆ ಒಂದೆರಡನ್ನು ಗೊತ್ತಿದ್ದವರ ಮನೆಗೆ ಕೊಡಬಹುದಲ್ಲ, ಯಾವುದನ್ನು ಕೊಡುತ್ತೀರಿ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಕೆಂಚನ್ನ ಕೊಡೋಕಾಗಲ್ಲ, ಅದು ನಮ್ಮನೆ ಮಾಣಿ ಶಾಲೆಯಿಂದ ಬರೋ ಬಸ್ಸಿನ ಸದ್ದು ಕೇಳಿ ಗೇಟಿಗೆ ಹೋಗ್ತದೆ. ಬೇರೆ ಬಸ್ಸಿಗೆ ಏಳೋದೇ ಇಲ್ಲ. ರಾಣಿಗೆ ಒಂದು ಕಣ್ಣು ಕಾಣಲ್ಲ. ಬೊಗ್ಗಿ ಕೊಟ್ಟಿಗೇಲಿ ಕರುವಿನ ಜೊತೆಗೇ ಮಲಗೋದು, ಅದಿಲ್ಲದಿದ್ರೆ ಕರು ಕೂಗ್ತದೆ. ಮರಿ ಅಂತೂ ಇನ್ನೂ ಮರಿ." ಇಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದರು. "ಕರಿಯ ಇದ್ದಿದ್ರೆ ಇವಕ್ಕೆಲ್ಲ ಒಂದು ಶಿಸ್ತಿತ್ತು."

ನಾಯಿ ಕಂಡರೆ ಆಗದವರು ಹೀಗೆ ಮಾತಾಡುವುದಿಲ್ಲ.

ಐದು ವಾರದ ಹಿಂದಿನ ಮಾತು. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು, ಹತ್ತು ಹನ್ನೆರಡು ಜನ. ಬೇರೆ ದಿನ ಎಂಟೂವರೆಗೆ ನಾಯಿಗಳನ್ನು ಸೌದೆಮನೆಗೆ ಸೇರಿಸಿ ಚಿಲಕ ಹಾಕುವುದು ಸುಮಾ ಅವರ ಕೆಲಸ. ಅಂದು ಸುಲಿಯುವವರಿಗೆ ಎರಡನೇ ಸಲ ಚಹಾ ಕೊಟ್ಟು, ಲೋಟ ತೊಳೆದು, ಮಗನನ್ನು ಮಲಗಿಸುವಾಗ ತಾವೂ ಹಾಗೇ ನಿದ್ದೆಹೋದರು. ಬೆಳಗಿನ ಜಾವ ಒಂದೇ ಒಂದು ಕೂಗು. ಬೆಳಕು ಹರಿದಾಗ ಸೊಪ್ಪಿನ ಬೆಟ್ಟದ ಕಡೆಗೆ ಎಳೆದೊಯ್ದ ಗುರುತಿತ್ತು. ಚಿರತೆ. ಗಂಡ ಅದನ್ನು ನೋಡಿಬಂದು, ಕೆಲಸದವರ ಎದುರಿಗೇ, ಒಂದು ಮಾತು ಅಂದರು: "ಒಂದು ಚಿಲಕ ಹಾಕೋಕೆ ಆಗ್ಲಿಲ್ವನೆ ನಿಂಗೆ?"

ಆಮೇಲೆ ಆ ಮನೆಯಲ್ಲಿ ಕರಿಯನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಮಗನಿಗೆ "ಪೇಟೆಗೆ ಕಳಿಸಿದ್ದೇವೆ" ಎಂದರು. ಸುಮಾ ರಾತ್ರಿ ಎದ್ದು ಚಿಲಕ ನೋಡಲು ಶುರುಮಾಡಿದರು. ಮೊದಲು ಒಂದು ಸಲ, ಆಮೇಲೆ ಮೂರು, ಆಮೇಲೆ ಐದಾರು. ನಾಯಿ ಬೊಗಳಿದರೆ ಎದೆ ಹಾರುತ್ತದೆ, ಕೈ ತಣ್ಣಗಾಗುತ್ತದೆ. ಹಗಲು ಆ ನಾಯಿಗಳ ಮೇಲೇ ಸಿಟ್ಟು.

ಊಟ, ನಿದ್ದೆ ಹೇಗಿದೆ ಎಂದು ಕೇಳಿದೆ. ಜೀವ ಬೇಡ ಎನ್ನುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿಯೇ ಕೇಳಿದೆ. ಇದನ್ನು ಕೇಳಲು ಅಂಜಬಾರದು. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಅಂಥದ್ದೇನೂ ಇರಲಿಲ್ಲ. ಆದರೂ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿಗೆ ಹಾಕಿಸಿದೆ. ಹೊತ್ತಲ್ಲದ ಹೊತ್ತಿಗೆ ಶಿರಸಿಯವರೆಗೆ ಬರಲಾಗದವರಿಗೆ ಅದು ಬೇಕಾಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ವಾರ ಗಂಡನನ್ನು ಕರೆತರಲು ಹೇಳಿದೆ. ಬಂದರು. ಅಡಿಕೆಯ ಚೊಗರು ಹಿಡಿದು ಕಪ್ಪಾದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತರು. ತಾನು ಅಂದ ಮಾತು ಅವರಿಗೆ ನೆನಪೇ ಇರಲಿಲ್ಲ. ಹೆಂಡತಿ ಅದನ್ನು ಅಕ್ಷರ ಬಿಡದೆ ಹೇಳಿದಾಗ ಮುಖ ಬಾಡಿತು. ಕರಿಯನನ್ನು ಮದುವೆಗೂ ಮೊದಲು ಅಂಗಿಯೊಳಗೆ ಇಟ್ಟುಕೊಂಡು ಬೈಕಿನಲ್ಲಿ ತಂದವರು ಅವರೇ. ಅಂದು ಬೆಟ್ಟದಿಂದ ಬರಿಗೈಯಲ್ಲಿ ಬಂದಾಗ ಹತ್ತು ಜನ ನೋಡುತ್ತಿದ್ದರು. ಅಳುವ ಹಾಗಿರಲಿಲ್ಲ. ಬಾಯಿಗೆ ಬಂದದ್ದು ಆ ಮಾತು.

ಕ್ಷಮೆ ಕೇಳಿ ಎಂದು ನಾನು ಹೇಳಲಿಲ್ಲ. ಕರಿಯನ ಬಗ್ಗೆ ಹೇಳಿ ಎಂದೆ. ಇಬ್ಬರೂ ಮುಕ್ಕಾಲು ಗಂಟೆ ಹೇಳಿದರು. ಕೊನೆಗೆ ಅವರು ಹೆಂಡತಿಯ ಕಡೆ ನೋಡದೆ ಅಂದರು, "ಚಿಲಕ ಇನ್ನು ನಂದು."

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದೂ ಅದೇ. ಚಿಲಕ ಪೂರ್ತಿಯಾಗಿ ಗಂಡನದು. ಒಂದು ಸಲ ಹಾಕಿ "ಹಾಕಿದೆ" ಎಂದು ಗಟ್ಟಿಯಾಗಿ ಹೇಳಬೇಕು. ಸುಮಾ ಏಳಬಾರದು, ಮತ್ತೆ ಕೇಳಲೂಬಾರದು. ಮೊದಲ ಕೆಲವು ರಾತ್ರಿ ಭಯ ಏರುತ್ತದೆ ಎಂದು ಮುಂಚೆಯೇ ಹೇಳಿದೆ. ಎದ್ದು ನೋಡಿದರೆ ಆ ಕ್ಷಣಕ್ಕೆ ಸಮಾಧಾನ, ಆದರೆ ನೋಡದೆ ಇದ್ದರೆ ಗತಿಯಿಲ್ಲ ಎಂದು ಮನಸ್ಸು ಕಲಿತುಬಿಡುತ್ತದೆ. ನೋಡದೆ ಮಲಗಿದರೆ ಭಯ ಏರಿ, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಅವರೇ ಕಾಣಬೇಕು, ನನ್ನ ಮಾತಿನಿಂದ ಆಗುವುದಲ್ಲ.

ಮಗನಿಗೆ ನಿಜ ಹೇಳಿ ಎಂದೆ. ಇದಕ್ಕೆ ಅತ್ತೆಯವರ ವಿರೋಧವಿತ್ತು. ಆದರೆ ಏಳು ವರ್ಷದ ಮಗುವಿಗೆ ಸಾವು ಅರ್ಥವಾಗುತ್ತದೆ. ಪೇಟೆಗೆ ಹೋದ ನಾಯಿ ಮಾತ್ರ ದಿನಾ ಬರಬೇಕಾಗಿರುತ್ತದೆ. ಹೇಳುವಾಗ "ಸತ್ತುಹೋಯಿತು" ಎಂದೇ ಹೇಳಿ, ಚಿರತೆ ಹಸಿದಿತ್ತು ಎಂದು ಹೇಳಿ, ಆಯಿಯ (ಅಮ್ಮನ) ತಪ್ಪಲ್ಲ ಎನ್ನುವುದನ್ನು ಅಪ್ಪನೇ ಹೇಳಲಿ ಎಂದೆ. ಕೊನೆಯದು ಬಹಳ ಮುಖ್ಯ. ಹುಡುಗ ಅಂದು ಬೆಳಿಗ್ಗೆ ಅಂಗಳದಲ್ಲೇ ಇದ್ದ, ಅಪ್ಪನ ಮಾತು ಅವನ ಕಿವಿಗೂ ಬಿದ್ದಿತ್ತು.

ಕೆಲಸದ ಹಂಚಿಕೆಯೂ ಆಯಿತು. ರಾತ್ರಿಯ ತಟ್ಟೆ ಮಾವನ ಪಾಲಿಗೆ, ಅವರು ಅದನ್ನು ಖುಷಿಯಿಂದಲೇ ಒಪ್ಪಿದರಂತೆ. ಉಣುಗಿನ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿಯೇ ಹೇಳಿದೆ. ಸುಮಾ ಬರಿಗೈಯಲ್ಲಿ ಹೆಕ್ಕಿ ಉಗುರಲ್ಲಿ ಒತ್ತಿ ಕೊಲ್ಲುತ್ತಿದ್ದರು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಗೆ ಬಂದ ಕ್ಯಾಸನೂರು ಕಾಡು ಪಕ್ಕದ ಸೊರಬದ್ದು. ಸಿದ್ದಾಪುರ ಸೀಮೆಯಲ್ಲೂ ಅದು ಜೀವ ತೆಗೆದಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ನಾಯಿ ಬೆಟ್ಟಕ್ಕೆ ಹೋಗಿಬಂದರೆ ಮೈಗೆ ಉಣುಗು ಹತ್ತಿಸಿಕೊಂಡೇ ಬರುತ್ತದೆ. ಪಶುವೈದ್ಯರಿಂದ ಔಷಧಿ ಹಾಕಿಸಿ, ಹೆಕ್ಕುವಾಗ ಕೈಗವಸು, ಚಿಮಟ ಬಳಸಿ, ಒತ್ತಬೇಡಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ ಎಂದೆ. ನಾಲ್ಕೂ ನಾಯಿಗೆ ರೇಬೀಸ್ ಲಸಿಕೆ ಆಗಿದೆ ಎಂದು ಕೇಳಿ ಸಮಾಧಾನವಾಯಿತು.

ನಾಲ್ಕನೇ ಭೇಟಿಗೆ ಮಗನೂ ಬಂದಿದ್ದ. ಕರಿಯನ ತಟ್ಟೆಯನ್ನು ಅವನು ತೊಳೆದು ತನ್ನ ಪುಸ್ತಕದ ಕಪಾಟಿನಲ್ಲಿ ಇಟ್ಟುಕೊಂಡಿದ್ದಾನಂತೆ. ತೆಗೆಸಬೇಕೇ ಎಂದು ಅಜ್ಜಿ ಕೇಳಿಕಳಿಸಿದ್ದರು. ಬೇಡ, ಅವನಿಗೆ ಬೇಕಾದಷ್ಟು ದಿನ ಇರಲಿ ಎಂದೆ.

ಸುಮಾ ಅವರ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ವಾರದಲ್ಲಿ ಒಂದೆರಡು ರಾತ್ರಿ ಎಚ್ಚರವಾಗುತ್ತದೆ. ಆದರೆ ಹಿಂದಿನ ವಾರ ನಾಯಿಗಳು ಒಮ್ಮೆಲೇ ಬೊಗಳಿದಾಗ, ಜಗಲಿಯಲ್ಲಿ ಗಂಡನ ಚಪ್ಪಲಿ ಸದ್ದು ಕೇಳಿತಂತೆ, ಬ್ಯಾಟರಿಯ ಬೆಳಕು ಕಿಟಕಿಯಲ್ಲಿ ಹಾದುಹೋಯಿತಂತೆ, ಅವರು ಮಗ್ಗುಲು ಬದಲಿಸಿ ಮಲಗಿದರಂತೆ. ಅಡಿಕೆ ವ್ಯಾಪಾರ ಮುಗಿಸಿಕೊಂಡು ಇಬ್ಬರೂ ಮತ್ತೆ ಬರುತ್ತಾರೆ.