ಠರಾವು ಆಗಿದೆ, ಚರಂಡಿ ಆಗಿಲ್ಲ

ಪ್ರಶ್ನೆ: ನಮ್ಮ ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಸಂತೆ ಬೀದಿಯ ಚರಂಡಿ ದುರಸ್ತಿಗೆ ಒಪ್ಪಿಗೆ ಸಿಕ್ಕಿದೆಯೆಂದು ವಾರ್ಡಿನ ಸದಸ್ಯರು ಹೇಳುತ್ತಾರೆ. ಮುಂಗಾರು ಹಿಡಿದು ಅಂಗಡಿಗಳ ಮೆಟ್ಟಿಲವರೆಗೆ ನೀರು ನಿಂತರೂ ಕೆಲಸ ಆರಂಭವಾಗಿಲ್ಲ. ಒಪ್ಪಿಗೆ ನಿಜವೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಸದಸ್ಯರ ಬಾಯಿಮಾತಿಗಿಂತ ಸಭೆಯ ನಡಾವಳಿಯನ್ನೇ ನೋಡುವುದು ಒಳ್ಳೆಯದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಪಂಚಾಯಿತಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಡಾವಳಿಯ ಪ್ರತಿ ಕೇಳಿ ಅರ್ಜಿ ಕೊಟ್ಟರೆ, ಅವರು ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು. ಪ್ರತಿ ಕೈಗೆ ಬಂದಾಗ ಆ ವಿಷಯದ ಕೆಳಗಿನ ಕೊನೆಯ ಸಾಲನ್ನು ನಿಧಾನವಾಗಿ ಓದಿರಿ: 'ಚರ್ಚಿಸಲಾಯಿತು' ಎಂದಷ್ಟೇ ಇದ್ದರೆ ಅದು ಒಪ್ಪಿಗೆಯಲ್ಲ, 'ಅನುಮೋದಿಸಲಾಯಿತು' ಎಂದಿರಬೇಕು. (ಸದಸ್ಯರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದುಂಟು.) ಅನುಮೋದನೆ ಇದ್ದರೂ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು ಇವೆಲ್ಲ ದಾಟಿ ಕಾರ್ಯಾದೇಶ ಹೊರಡುವ ತನಕ ಗುತ್ತಿಗೆದಾರ ಗುದ್ದಲಿ ಹಿಡಿಯುವುದಿಲ್ಲವಾದ್ದರಿಂದ, ಕಾರ್ಯಾದೇಶದ ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ.

ಮಲೆನಾಡಿನ ಆಷಾಢದಲ್ಲಿ ಕಾಂಕ್ರೀಟು ಹಾಕುವುದು ಕಷ್ಟವೆಂಬ ಮಾತು ಪೂರ್ತಿ ನೆಪವೇನಲ್ಲ. ಆದರೆ ಹೂಳೆತ್ತಲು ಮಳೆ ಬಿಡಬೇಕಾಗಿಲ್ಲ. ಅದಕ್ಕಾಗಿ ಮುಖ್ಯಾಧಿಕಾರಿಗಳಿಗೆ ಇಂದೇ ಪ್ರತ್ಯೇಕ ಮನವಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.